ಸ್ಪ್ಯಾನಿಷ್ ಕಲಿಯಲು ಹೊರಟು ಎಪ್ಪತ್ತು ದಿನ, ಬಾಯಿ ಮಾತ್ರ ತೆರೆಯುತ್ತಿಲ್ಲ

ಹಂಚಿನ ಮನೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಹೋದ ಮಳೆಗಾಲದಲ್ಲಿ ಕಪ್ಪೆಗಳ ಫೋಟೊ ತೆಗೆಯಲು ಅರ್ಜೆಂಟೀನಾದ ದಂಪತಿ ಬಂದು ನಾಲ್ಕು ದಿನ ಉಳಿದಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೂ ಅಷ್ಟಕ್ಕಷ್ಟೆ. ಹೊರಡುವ ದಿನ ಆ ಹೆಂಗಸು ಅಡುಗೆ ಮನೆಗೆ ಬಂದು, ನನ್ನ ಕೈ ಹಿಡಿದುಕೊಂಡು, ಬಹಳ ಹೊತ್ತು ಏನೋ ಹೇಳಿದರು. ಕಣ್ಣಲ್ಲಿ ನೀರಿತ್ತು. ನಾನು ತಲೆಯಾಡಿಸಿದೆ, ಅಷ್ಟೇ. ಒಂದು ಪದ ಮಾತ್ರ ಕಿವಿಯಲ್ಲಿ ಉಳಿದಿದೆ: ‘ಶೂಬ್ಯಾ’. ಎರಡು ಮೂರು ಸಲ ಹೇಳಿದರು. ನಿಘಂಟಿನಲ್ಲಿ ಶಕಾರ ಬರುವ ಕಡೆಯಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ. ಆ ಕೊರಗಿನಲ್ಲಿಯೇ ಸ್ಪ್ಯಾನಿಷ್ ಕಲಿಯಲು ಕುಳಿತೆ.

ಡ್ಯುಯೊಲಿಂಗೊ ಎಂಬ ಭಾಷೆ ಕಲಿಸುವ ಆ್ಯಪ್‌ನಲ್ಲಿ ಒಂದು ದಿನವೂ ತಪ್ಪಿಸದೆ 70 ದಿನ ಕಳೆದಿದ್ದೇನೆ. ಪರದೆಯ ಮೇಲೆ ಚದುರಿದ ಪದಗಳನ್ನು ಸಾಲಾಗಿ ಕೂಡಿಸುವುದರಲ್ಲಿ ಪಳಗಿದ್ದೇನೆ. ಆದರೆ ಹೋದ ವಾರ ಪೆರು ದೇಶದ ಲೀಮಾದಲ್ಲಿರುವ ಶಿಕ್ಷಕಿಯೊಬ್ಬರ ಹತ್ತಿರ ಮೊದಲ ಪಾಠಕ್ಕೆ ಕುಳಿತಾಗ ಮಾನ ಹೋಯಿತು. ಹೆಸರು ಕೇಳಿದರು, ಹೇಳಿದೆ. ಹೇಗಿದ್ದೀರಿ ಎಂದರು. ಉತ್ತರ ಮೊದಲು ಕನ್ನಡದಲ್ಲಿ ಹೊಳೆಯಿತು, ಅಲ್ಲಿಂದ ಇಂಗ್ಲಿಷಿಗೆ ಹೋಯಿತು, ಅಲ್ಲಿಂದ ಸ್ಪ್ಯಾನಿಷಿಗೆ ದಾಟುವಷ್ಟರಲ್ಲಿ ಅವರು ಮುಂದಿನ ಪ್ರಶ್ನೆಯಲ್ಲಿದ್ದರು. ಉಳಿದ ಇಪ್ಪತ್ತೈದು ನಿಮಿಷ ‘ಸಿ, ಸಿ’ (ಹೌದು, ಹೌದು) ಎಂದು ನಗುತ್ತಾ ಕುಳಿತೆ.

ಆ್ಯಪ್ ಬಿಡಬೇಕೇ? ವ್ಯಾಕರಣದ ಪುಸ್ತಕ ಹಿಡಿಯಬೇಕೇ? ಇನ್ನೊಂದು ತೊಂದರೆ: ನಮ್ಮಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರೂ ಸಾಯುತ್ತದೆ. ಜುಲೈ ತಿಂಗಳ ಕಥೆ ನಿಮಗೆ ಹೇಳಬೇಕಾಗಿಲ್ಲ.

ದುರ್ಗಿಗುಡಿ

ದಿನಕ್ಕೆ ಎಷ್ಟು ಹೊತ್ತು ಓದುತ್ತೀರಿ?

ಹಂಚಿನ ಮನೆ

ಕಾಲು ಗಂಟೆ. ಹಾಲು ಉಕ್ಕದಂತೆ ಕಾಯುತ್ತಾ ನಿಂತಿರುವಾಗ.

ದುರ್ಗಿಗುಡಿ

ಹಾಗಾದರೆ ಇಷ್ಟು ಕೊರಗಬೇಡಿ. ಕಾಲು ಗಂಟೆಯಂತೆ 70 ದಿನವೆಂದರೆ ಹದಿನೇಳೂವರೆ ಗಂಟೆ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆ, ಇಂಗ್ಲಿಷ್ ಮಾತೃಭಾಷೆಯವರು ಸ್ಪ್ಯಾನಿಷನ್ನು ಕೆಲಸಕ್ಕೆ ಬರುವಷ್ಟು ಕಲಿಯಲು 600ರಿಂದ 750 ತರಗತಿ ಗಂಟೆಗಳು ಬೇಕು ಎಂದು ಲೆಕ್ಕ ಹಾಕಿದೆ. ಅದೂ ಅವರಿಗೆ ಸುಲಭವಾದ ಭಾಷೆಗಳ ಗುಂಪಿನಲ್ಲಿಟ್ಟು. ಎಪ್ಪತ್ತು ಎಂಬ ಸಂಖ್ಯೆಯನ್ನು ಆ್ಯಪ್ ನಿಮ್ಮ ಕಣ್ಣಿಗೆ ಹಿಡಿಯುತ್ತದೆ, ಹದಿನೇಳೂವರೆಯನ್ನು ಹೇಳುವುದಿಲ್ಲ.

ಆ್ಯಪ್ ಬಿಡುವುದೂ ಬೇಡ, ಅದನ್ನೇ ನಂಬುವುದೂ ಬೇಡ. ಎದುರಿಗೆ ನಾಲ್ಕು ಪದಗಳನ್ನಿಟ್ಟು ಆರಿಸಿ ಎಂದರೆ ಅದು ಗುರುತು ಹಿಡಿಯುವ ಕೆಲಸ. ಬರಿಗೈಯಲ್ಲಿ ಪದವನ್ನು ಹುಡುಕಿ ಬಾಯಿಗೆ ತರುವುದು ಬೇರೆ ಕೆಲಸ. ಎರಡನೆಯದಕ್ಕೆ ನಾನು ಆಂಕಿ ಎಂಬ ಕಾರ್ಡುಗಳ ಆ್ಯಪ್ ಬಳಸುತ್ತೇನೆ. ಮರೆಯುವ ಹೊತ್ತಿಗೆ ಸರಿಯಾಗಿ ಕಾರ್ಡನ್ನು ಮತ್ತೆ ಮುಂದಿಡುತ್ತದೆ. ಜರ್ಮನಿಯ ಮನೋವಿಜ್ಞಾನಿ ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ಎಷ್ಟು ಬೇಗ ಮರೆಯುತ್ತೇವೆ ಎಂದು ಅಳೆದಿದ್ದ. ಅದರ ಮುಂದುವರಿಕೆಯೇ ಇದು. ಕಾರ್ಡಿನ ಒಂದು ಬದಿಗೆ ಕನ್ನಡ ವಾಕ್ಯ, ಇನ್ನೊಂದು ಬದಿಗೆ ಸ್ಪ್ಯಾನಿಷ್ ವಾಕ್ಯ. ಒಂಟಿ ಪದ ಬೇಡ. ಕಾರ್ಡು ತಿರುಗಿಸುವ ಮೊದಲು ಗಟ್ಟಿಯಾಗಿ ಹೇಳಲೇಬೇಕು. ನೆಟ್‌ವರ್ಕ್ ಇಲ್ಲದಾಗಲೂ ನಡೆಯುತ್ತದೆ.

ಮೆಟ್ಟುಗತ್ತಿ

ನನಗೆ ಕಾರ್ಡು ಒಗ್ಗಲಿಲ್ಲ. ನಾನು ಕಲಿತದ್ದು ಅಡಿಕೆ ಸುಲಿಯುತ್ತಾ.

ಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತರವರೆಗೆ ಅಂಗಳದಲ್ಲಿ ಕುಳಿತಿರುತ್ತೇವೆ. ಕೈಗೆ ಕೆಲಸ, ಕಿವಿಗೆ ರಜೆ. ಲಾಂಗ್ವೇಜ್ ಟ್ರಾನ್ಸ್‌ಫರ್ ಎಂಬ ಉಚಿತ ಧ್ವನಿಪಾಠವಿದೆ, ಒಟ್ಟು 90 ಕಂತು. ಪೇಟೆಗೆ ಹೋದಾಗ ಇಳಿಸಿಕೊಂಡು ಬಂದೆ. ಅದರಲ್ಲಿ ಮೇಷ್ಟ್ರು ಒಬ್ಬ ವಿದ್ಯಾರ್ಥಿಗೆ ಪ್ರಶ್ನೆ ಕೇಳುತ್ತಾರೆ. ನಾವು ಪಾಠವನ್ನು ಅಲ್ಲೇ ನಿಲ್ಲಿಸಿ ಮೊದಲು ನಮ್ಮ ಉತ್ತರ ಹೇಳಬೇಕು ಎಂಬುದು ಕ್ರಮ. ಆದರೆ ಹಸಿ ಅಡಿಕೆಯ ಚೊಗರು ಹತ್ತಿದ ಕೈಯಲ್ಲಿ ಮೊಬೈಲ್ ಮುಟ್ಟುವ ಹಾಗಿಲ್ಲ. ಹಾಗಾಗಿ ಆ ವಿದ್ಯಾರ್ಥಿ ಬಾಯಿ ಬಿಡುವುದರೊಳಗೆ ನಾನು ಹೇಳಿ ಮುಗಿಸಬೇಕು ಎಂದು ಪಣ ಕಟ್ಟಿಕೊಂಡೆ. ಮೊದಲ ಸುತ್ತಿನಲ್ಲಿ ಸೋತೆ. ಎರಡನೆಯ ಸುತ್ತಿನಲ್ಲಿ ಅರ್ಧ ಗೆದ್ದೆ. ಮೂರನೆಯ ಸುತ್ತಿನ ಹೊತ್ತಿಗೆ ಪಕ್ಕದಲ್ಲಿ ಸುಲಿಯುತ್ತಿದ್ದ ಅಕ್ಕಯ್ಯನಿಗೂ ನಾಲ್ಕು ವಾಕ್ಯ ಬರುತ್ತಿದ್ದವು. ಆಕೆ ಶಾಲೆಗೆ ಹೋದವಳಲ್ಲ, ಅವಳ ಉಚ್ಚಾರಣೆ ನನ್ನದಕ್ಕಿಂತ ಚೆನ್ನಾಗಿತ್ತು. ಕಾರಣ ಈಗ ಹೊಳೆಯುತ್ತಿದೆ: ಆಕೆ ಆ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ತುಂಗಾ ದಂಡೆ

ಮೆಟ್ಟುಗತ್ತಿಯವರ ಕೊನೆಯ ಮಾತನ್ನು ಹಿಡಿದುಕೊಂಡೇ ಹೊರಡುತ್ತೇನೆ. ನಾನು ನಿವೃತ್ತ ಕನ್ನಡ ಮೇಷ್ಟ್ರು, ಶಿವಮೊಗ್ಗದವನು. ಅರವತ್ತೆರಡಕ್ಕೆ ಸ್ಪ್ಯಾನಿಷ್ ಶುರು ಮಾಡಿ ಎರಡು ವರ್ಷವಾಯಿತು. ಉದ್ದವಾದರೆ ಕ್ಷಮಿಸಿ, ವೃತ್ತಿ ದೋಷ.

ತಂಗೀ, ನಿನ್ನ ಉತ್ತರ ಕನ್ನಡದಿಂದ ಇಂಗ್ಲಿಷಿಗೆ ಹೋಗಿ ಅಲ್ಲಿಂದ ಸ್ಪ್ಯಾನಿಷಿಗೆ ಹೋಯಿತು ಎಂದೆಯಲ್ಲ, ಕಾಯಿಲೆ ಅದೇ. ಸಾಗರಕ್ಕೆ ಹೋಗಲು ಬೆಂಗಳೂರಿನ ಬಸ್ ಹತ್ತಿದ ಹಾಗೆ. ಆನ್‌ಲೈನ್ ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಆಡುವವರಿಗಾಗಿ ಮಾಡಿದವು. ಅವರಿಗೆ ಕಷ್ಟವಾದದ್ದನ್ನು ‘ಇದು ಕಷ್ಟ’ ಎಂದು ಹೆದರಿಸಿ ಹೇಳುತ್ತವೆ, ನಾವೂ ಹೆದರುತ್ತೇವೆ.

ಉದಾಹರಣೆಗೆ ‘ಮೆ ಗುಸ್ತಾ ಎಲ್ ಕಾಫೆ’. ಇದನ್ನು ಅರ್ಥ ಮಾಡಿಸಲು ಇಂಗ್ಲಿಷ್ ಪಾಠಗಳು ಪುಟಗಟ್ಟಲೆ ಬರೆಯುತ್ತವೆ, ಏಕೆಂದರೆ ಇಲ್ಲಿ ‘ನಾನು’ ಕರ್ತೃವಲ್ಲ, ಕಾಫಿ ಕರ್ತೃ. ಕನ್ನಡದಲ್ಲಿ ಏನೆನ್ನುತ್ತೇವೆ? ‘ನನಗೆ ಕಾಫಿ ಇಷ್ಟ’. ಮೆ ಎಂದರೆ ನನಗೆ. ಮುಗಿಯಿತು. ‘ಮೆ ದ್ವೆಲೆ ಲಾ ಕಾಬೆಸಾ’, ನನಗೆ ತಲೆ ನೋಯುತ್ತದೆ. ಚತುರ್ಥಿ ವಿಭಕ್ತಿಯನ್ನು ತೊಟ್ಟಿಲಲ್ಲೇ ಕಲಿತವರು ನಾವು. ಇಷ್ಟಪಡುವ ವಸ್ತು ಹಲವಾದರೆ ಕ್ರಿಯಾಪದವೂ ಬಹುವಚನವಾಗುತ್ತದೆ ಎಂಬುದನ್ನು ಮಾತ್ರ ಸೇರಿಸಿಕೊ: ‘ಮೆ ಗುಸ್ತಾನ್ ಲೋಸ್ ಮಾಂಗೊಸ್’.

ಕ್ರಿಯಾಪದದ ಬಾಲವೂ ಹಾಗೆಯೇ. ‘ಆಬ್ಲೊ’ ಎಂದರೆ ಮಾತನಾಡುತ್ತೇನೆ, ‘ಆಬ್ಲಾಸ್’ ಎಂದರೆ ಮಾತನಾಡುತ್ತೀಯ, ‘ಆಬ್ಲಾಮೊಸ್’ ಎಂದರೆ ಮಾತನಾಡುತ್ತೇವೆ. ನಾನು, ನೀನು ಎಂದು ಬಿಡಿಯಾಗಿ ಹೇಳದಿದ್ದರೂ ಬಾಲ ನೋಡಿದರೆ ಯಾರೆಂದು ತಿಳಿಯುತ್ತದೆ, ನಮ್ಮಲ್ಲಿಯ ಹಾಗೆಯೇ. ನಮಗಿಂತ ಒಂದು ಕೈ ಸುಲಭ ಕೂಡ: ಮಾತನಾಡುತ್ತಾನೆ, ಮಾತನಾಡುತ್ತಾಳೆ ಎರಡಕ್ಕೂ ‘ಆಬ್ಲಾ’ ಒಂದೇ. ‘ತು’ ಎಂದರೆ ನೀನು, ‘ಉಸ್ತೆದ್’ ಎಂದರೆ ನೀವು. ಯಾರಿಗೆ ಯಾವುದು ಎಂಬ ಮುಜುಗರ ನಮಗೆ ಹೊಸದಲ್ಲ.

ಇನ್ನು ಉಚ್ಚಾರಣೆ. ಸ್ಪ್ಯಾನಿಷಿನ ತ, ದ ಎರಡೂ ಹಲ್ಲಿಗೆ ನಾಲಿಗೆ ತಾಗಿಸುವ ನಮ್ಮ ತ, ದಗಳೇ. ಇಂಗ್ಲಿಷ್ ಅಕ್ಷರ ನೋಡಿ ಟ, ಡ ಮಾಡಿಕೊಳ್ಳುವವರು ನಾವೇ. ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಮೂಲೆಗೆ ಹಾಕಿದ ಞ ಅಕ್ಷರವಿದೆಯಲ್ಲ, ಅದಕ್ಕೆ ಅಲ್ಲಿ ದಿನವೂ ಕೆಲಸ: ‘ಎಸ್ಪಾಞೊಲ್’, ‘ನಿಞೊ’, ‘ಮಾಞಾನಾ’. ಒಂದೇ ಎಚ್ಚರಿಕೆ: ನಮ್ಮ ಹ್ರಸ್ವ ಅಕಾರ ಅಲ್ಲಿಲ್ಲ. ಎಲ್ಲ ಕಡೆಯೂ ಬಾಯಿ ತೆರೆದು ಆ ಎನ್ನಬೇಕು. ಮನೆ ‘ಕಾಸಾ’. ಬಾಯಿ ತೆರೆಯದಿದ್ದರೆ ಮನೆ ಕಸವಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಎಡಗಡೆ ಕನ್ನಡ, ಬಲಗಡೆ ಸ್ಪ್ಯಾನಿಷ್, ಅದನ್ನೂ ಮೊದಲ ತಿಂಗಳು ಕನ್ನಡ ಲಿಪಿಯಲ್ಲೇ ಬರೆದುಕೊ. ಇಂಗ್ಲಿಷ್ ಒಂದು ಗೆರೆಯೂ ಬೇಡ. ಲಿಪಿ ಆಮೇಲೆ ಕಲಿತರಾಯಿತು, 27 ಅಕ್ಷರ, ಒಂದು ಮಧ್ಯಾಹ್ನದ ಕೆಲಸ.

ಸಾಗರ ರಸ್ತೆ

ಮೇಷ್ಟ್ರೇ, ಕನ್ನಡದ ಸೇತುವೆ ಅರ್ಧ ಹೊಳೆಯವರೆಗೆ ಇದೆ, ಆಚೆಗೆ ಈಜಬೇಕು ಎಂಬುದನ್ನು ಹೇಳಲೇ ಇಲ್ಲ.

ನಮ್ಮಲ್ಲಿ ‘ಮನೆಯಲ್ಲಿ’, ಅಲ್ಲಿ ‘ಎನ್ ಕಾಸಾ’. ನಮ್ಮ ಹಿಂದಿನದು ಅವರಿಗೆ ಮುಂದೆ. ‘ದೊಡ್ಡ ಮನೆ’ ಅಲ್ಲಿ ‘ಕಾಸಾ ಗ್ರಾಂದೆ’. ‘ನಿನ್ನೆ ಬಂದ ಹುಡುಗ’ ಎಂದು ಹೇಳಹೊರಟರೆ ಹುಡುಗ ಮೊದಲು ಬರಬೇಕು, ನಿನ್ನೆ ಕೊನೆಗೆ. ದೊಡ್ಡ ಮನೆಯೊಂದನ್ನು ಬಿಟ್ಟರೆ ಇಲ್ಲೆಲ್ಲ ಇಂಗ್ಲಿಷೇ ಹತ್ತಿರ. ಅಭಿಮಾನಕ್ಕಾಗಿ ಅದನ್ನು ದೂರ ತಳ್ಳುವುದು ದಡ್ಡತನ.

ಲಿಂಗದ ಮಾತಂತೂ ಬೇಡ. ನಮಗೆ ಮೇಜು, ಪುಸ್ತಕ, ಕೊಡೆ ಎಲ್ಲವೂ ನಪುಂಸಕ, ನೆಮ್ಮದಿ. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ‘ಓ’ಕಾರಾಂತ ಗಂಡು, ‘ಆ’ಕಾರಾಂತ ಹೆಣ್ಣು ಎಂದು ಆ್ಯಪ್ ಹೇಳಿಕೊಡುತ್ತದೆ. ಗಂಡು ಪದಕ್ಕೆ ಮುಂಚೆ ‘ಎಲ್’, ಹೆಣ್ಣು ಪದಕ್ಕೆ ಮುಂಚೆ ‘ಲಾ’ ಬರುತ್ತದೆ. ಆಮೇಲೆ ‘ಲಾ ಮಾನೊ’, ‘ಎಲ್ ದಿಯಾ’, ‘ಎಲ್ ಮಾಪಾ’, ‘ಎಲ್ ಪ್ರೊಬ್ಲೆಮಾ’ ಎದುರಾಗುತ್ತವೆ. ಪದವನ್ನು ಎಲ್, ಲಾ ಸಮೇತ ಉರು ಹೊಡೆಯುವುದು ಬಿಟ್ಟು ಬೇರೆ ದಾರಿ ಇಲ್ಲ.

ಮೇಷ್ಟ್ರ ‘ನನಗೆ’ ಎಲ್ಲ ಕಡೆ ನಡೆಯುವುದೂ ಇಲ್ಲ. ‘ನನಗೆ ಹಸಿವು’ ಎಂಬುದು ಅಲ್ಲಿ ‘ತೆಂಗೊ ಆಂಬ್ರೆ’, ಅಂದರೆ ಹಸಿವನ್ನು ಹೊಂದಿದ್ದೇನೆ. ‘ನನಗೆ ಸೆಕೆ’ ಎನ್ನಲು ‘ತೆಂಗೊ ಕಾಲೊರ್’. ಅದನ್ನು ಬಿಟ್ಟು ‘ಎಸ್ತೊಯ್ ಕಾಲ್ಯೆಂತೆ’ ಎಂದರೆ ಕೇಳಿದವರು ಮುಖ ತಿರುಗಿಸಿಕೊಳ್ಳುತ್ತಾರೆ. ನಾನು ಒಂದು ಆನ್‌ಲೈನ್ ಗುಂಪು ತರಗತಿಯಲ್ಲಿ, ಹನ್ನೊಂದು ಜನರ ಎದುರು, ಏಪ್ರಿಲ್ ತಿಂಗಳ ಸೆಕೆಯನ್ನು ಹೀಗೆಯೇ ವರ್ಣಿಸಿದ್ದೇನೆ. ಅರ್ಥ ಹೇಳಲಾರೆ, ಇಲ್ಲಿ ಹಿರಿಯರಿದ್ದಾರೆ.

ಮೆಟ್ಟುಗತ್ತಿ

‘ತೆಂಗೊ’ ನನಗೆ ಒಂದೇ ಸಲಕ್ಕೆ ಅಂಟಿಕೊಂಡ ಪದ. ತೋಟದಲ್ಲಿ ಅಡಿಕೆಯ ನಡುವೆ ನಾಲ್ಕು ತೆಂಗು ಇವೆ. ತೆಂಗು ನನ್ನ ಬಳಿ ಇದೆ: ತೆಂಗೊ.

ತುಂಗಾ ದಂಡೆ

ಸಾಗರ ರಸ್ತೆಯವರು ಹೇಳಿದ್ದು ಅಷ್ಟೂ ನಿಜ, ಒಪ್ಪಿದೆ. ಪದಕ್ರಮಕ್ಕೆ ಇಂಗ್ಲಿಷನ್ನು ಇಟ್ಟುಕೊಳ್ಳಿ. ಆದರೆ ಎಲ್ಲರೂ ಬೆವರುವ ‘ಸೆರ್’ ಮತ್ತು ‘ಎಸ್ತಾರ್’ ವಿಷಯದಲ್ಲಿ ನನ್ನ ಪಟ್ಟು ಬಿಡುವುದಿಲ್ಲ. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ, ‘ಬಿ’. ಹಾಗಾಗಿ ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್ ಎಂದು ಕಲಿಸುತ್ತಾರೆ. ಆ ಸೂತ್ರ ಸಾವಿನ ಎದುರು ಮುರಿದು ಬೀಳುತ್ತದೆ. ಸಾವಿಗಿಂತ ಶಾಶ್ವತವಾದದ್ದು ಯಾವುದಿದೆ? ಆದರೂ ‘ಎಸ್ತಾ ಮ್ವೆರ್ತೊ’ ಎನ್ನಬೇಕು.

ಕನ್ನಡದಿಂದ ನೋಡಿ. ‘ನಾನು ಶಿವಮೊಗ್ಗದವನು’, ಇಲ್ಲಿ ಇರು ಧಾತುವೇ ಇಲ್ಲ. ಸ್ಪ್ಯಾನಿಷಿನಲ್ಲಿ ಸೆರ್: ‘ಸೊಯ್ ದೆ ಶಿವಮೊಗ್ಗ’. ‘ನಾನು ಶಿವಮೊಗ್ಗದಲ್ಲಿದ್ದೇನೆ’, ಇರು ಬಂತು. ಎಸ್ತಾರ್: ‘ಎಸ್ತೊಯ್ ಎನ್ ಶಿವಮೊಗ್ಗ’. ‘ಅವಳು ಡಾಕ್ಟರ್’, ಇರು ಇಲ್ಲ, ಸೆರ್. ‘ಕಾಫಿ ತಣ್ಣಗಾಗಿದೆ’, ಇರು ಇದೆ, ಎಸ್ತಾರ್. ಈಗ ಆ ಹೆಣ: ‘ಸತ್ತಿದ್ದಾನೆ’. ಇದ್ದಾನೆ! ಸತ್ತವನನ್ನೂ ‘ಇದ್ದಾನೆ’ ಎನ್ನುವವರು ನಾವು. ಎಸ್ತಾರ್ ಬರದೆ ಇನ್ನೇನು?

ಸಾಗರ ರಸ್ತೆ

‘ಅವಳು ಎತ್ತರವಾಗಿದ್ದಾಳೆ’ ಎಂಬಲ್ಲಿ ಇರು ಇದೆ, ಅಲ್ಲಿ ‘ಎಸ್ ಆಲ್ತಾ’, ಸೆರ್. ‘ಮದುವೆ ಸಾಗರದಲ್ಲಿದೆ’ ಎಂಬಲ್ಲೂ ಇರು ಇದೆ. ಅಲ್ಲಿಯೂ ಸೆರ್, ಏಕೆಂದರೆ ಸಮಾರಂಭ ನಡೆಯುವ ಜಾಗಕ್ಕೆ ಎಸ್ತಾರ್ ಹಾಕುವುದಿಲ್ಲ. ಸೂತ್ರ ಮುಕ್ಕಾಲು ಪಾಲು ಸರಿ ಎಂದು ಬರೆಯಿರಿ.

ತುಂಗಾ ದಂಡೆ

ಮುಕ್ಕಾಲು ಪಾಲು ಸರಿ. ಬರೆದಿದ್ದೇನೆ.

ಹಂಚಿನ ಮನೆ

ಸತ್ತಿದ್ದಾನೆ ಎಂಬುದನ್ನು ಇನ್ನು ಮರೆಯುವುದಿಲ್ಲ. ಇನ್ನೊಂದು ಗೊಂದಲ: ಸ್ಪೇನಿನ ಸ್ಪ್ಯಾನಿಷ್ ಕಲಿಯಬೇಕೋ, ಆಚೆಯದೋ? ಕಂಡಕಂಡ ವಿಡಿಯೊ ನೋಡಿದರೆ ಒಬ್ಬೊಬ್ಬರು ಒಂದೊಂದು ರೀತಿ ಮಾತನಾಡುತ್ತಾರೆ. ಶಿಕ್ಷಕಿಯನ್ನು ಮುಂದುವರಿಸಲೇ?

ದುರ್ಗಿಗುಡಿ

ಖಂಡಿತ ಮುಂದುವರಿಸಿ. ಲೀಮಾ ಒಳ್ಳೆಯ ಆಯ್ಕೆ. ಇಲ್ಲಿ ಬೆಳಗ್ಗೆ 7 ಗಂಟೆಯಾದರೆ ಅಲ್ಲಿ ಹಿಂದಿನ ರಾತ್ರಿ 8.30, ವರ್ಷವಿಡೀ ಅಷ್ಟೇ ಅಂತರ. ಸ್ಪೇನಿನಲ್ಲಿ ಹಾಗಲ್ಲ. ನನ್ನ ಮೊದಲ ಶಿಕ್ಷಕರು ಮ್ಯಾಡ್ರಿಡ್‌ನವರು, ಪಾಠ ನಮ್ಮ ಸಂಜೆ 7ಕ್ಕೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಸೋಮವಾರ ಅರ್ಧ ಗಂಟೆ ಕಾದು, ಅವರನ್ನು ಮನಸ್ಸಿನಲ್ಲೇ ಬೈದು, ಮಸಾಲೆ ದೋಸೆ ತಿನ್ನಲು ಹೋದೆ. ಅವರು ನಮ್ಮ 8ಕ್ಕೆ ಬಂದು ಕಾದು ಹೋಗಿದ್ದರು. ಪಾಠದ ದುಡ್ಡು ಹೋಯಿತು, ದೋಸೆಯದು ಬೇರೆ.

ಪಾಠದ ವೇಳೆಯಲ್ಲಿ ವ್ಯಾಕರಣ ಹೇಳಿಸಿಕೊಳ್ಳಬೇಡಿ, ಅದು ಪುಸ್ತಕದಲ್ಲಿದೆ. ದುಡ್ಡು ಕೊಡುವುದು ಮಾತನಾಡುವುದಕ್ಕೆ. ಪಾಠದ ಹಿಂದಿನ ದಿನ ನೀವು ನಿಜವಾಗಿ ಹೇಳಬೇಕೆಂದಿರುವ ಐದು ವಾಕ್ಯಗಳನ್ನು ಬರೆದುಕೊಳ್ಳಿ. ಹೋಂಸ್ಟೇ ನಡೆಸುವವರಿಗೆ ಆ್ಯಪ್ ಕಲಿಸುವ ‘ಹುಡುಗ ಸೇಬು ತಿನ್ನುತ್ತಾನೆ’ ಎಂಬಂಥ ವಾಕ್ಯದಿಂದ ಏನಾಗಬೇಕು? ಬಿಸಿನೀರು ಎಷ್ಟು ಗಂಟೆಗೆ, ಜಿಗಣೆಗೆ ಏನು ಹಚ್ಚಬೇಕು, ಊಟಕ್ಕೆ ಖಾರ ಎಷ್ಟು. ನೆಟ್‌ವರ್ಕ್ ಕೈ ಕೊಟ್ಟರೆ ವಿಡಿಯೊ ಬಂದ್ ಮಾಡಿ ಧ್ವನಿ ಮಾತ್ರ ಇಟ್ಟುಕೊಳ್ಳಿ. ಅದೂ ಹೋದರೆ ಧ್ವನಿ ಸಂದೇಶ ಕಳಿಸಲು ಕೇಳಿ, ಟವರ್ ಬಂದಾಗ ಉತ್ತರಿಸಬಹುದು.

ಪ್ರಮಾಣಪತ್ರ ಬೇಕಾದರೆ ದೆಹಲಿಯಲ್ಲಿರುವ ಸ್ಪೇನ್ ಸರ್ಕಾರದ ಸಂಸ್ಥೆ ಇನ್ಸ್ತಿತುತೊ ಸೆರ್ವಾಂತೆಸ್‌ನವರ ದೆಲೆ ಎಂಬ ಸ್ಪ್ಯಾನಿಷ್ ಪರೀಕ್ಷೆ ಇದೆ, ಎ1 ಹಂತದಿಂದ ಶುರು. ಈಗಲೇ ಅದರ ಯೋಚನೆ ಬೇಡ.

ಮೆಟ್ಟುಗತ್ತಿ

ಕೇಳುವುದಕ್ಕೆ ಡ್ರೀಮಿಂಗ್ ಸ್ಪ್ಯಾನಿಷ್ ವಿಡಿಯೊಗಳನ್ನು ನೋಡಿ. ಚಿತ್ರ ಬಿಡಿಸುತ್ತಾ, ಕೈಬಾಯಿ ಸನ್ನೆ ಮಾಡುತ್ತಾ ಬರೀ ಸ್ಪ್ಯಾನಿಷಿನಲ್ಲೇ ಕಥೆ ಹೇಳುತ್ತಾರೆ. ತೀರಾ ಹೊಸಬರಿಗೂ ಬೇರೆ ಹಂತವಿದೆ.

ಸಾಗರ ರಸ್ತೆ

ಯಾವ ದೇಶದ್ದು ಎಂಬ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರಿಸಲಿಲ್ಲ. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ, ನಮ್ಮ ಕನ್ನಡ ಇದ್ದ ಹಾಗೆ. ಶಿಕ್ಷಕಿ ಯಾವ ಊರಿನವರೋ ಆ ಊರಿನದನ್ನು ಕಲಿಯಿರಿ, ಉಳಿದದ್ದು ಕಿವಿಗೆ ಬೀಳುತ್ತಾ ಬರುತ್ತದೆ. ನಿಮ್ಮ ಅತಿಥಿಗಳ ಅರ್ಜೆಂಟೀನಾದಲ್ಲಿ ‘ತು’ ಬದಲು ‘ವೊಸ್’ ಎನ್ನುತ್ತಾರೆ. ಅನಾನಸಿಗೆ ಬೇರೆಡೆ ‘ಪಿಞಾ’, ಅಲ್ಲಿ ‘ಆನಾನಾ’. ಮತ್ತು ಬರವಣಿಗೆಯಲ್ಲಿ ಎರಡು ‘ಎಲ್’ ಅಕ್ಷರ (ll) ಒಟ್ಟಿಗೆ ಬರುವ ಕಡೆ ಲೀಮಾದವರು ‘ಯ’ ಎಂದರೆ ಬ್ಯೂನಸ್ ಐರಿಸ್‌ನವರು ‘ಶ’ ಎನ್ನುತ್ತಾರೆ.

ಇದನ್ನು ಬರೆಯುತ್ತಿರುವಾಗ ನಿಮ್ಮ ಮೊದಲ ಬರಹ ನೆನಪಾಯಿತು. ನಿಘಂಟಿನಲ್ಲಿ ಶಕಾರದ ಹತ್ತಿರ ಹುಡುಕಬೇಡಿ, ಎರಡು ‘ಎಲ್’ ಹಾಕಿ ಹುಡುಕಿ. ಲೀಮಾದಲ್ಲಿ ಅದು ‘ಯೂಬ್ಯಾ’. ನಿಮ್ಮ ಅತಿಥಿಗಳ ಬಾಯಲ್ಲಿ ‘ಶೂಬ್ಯಾ’.

ಹಂಚಿನ ಮನೆ

ಮಳೆ.

ಮಳೆಯ ಬಗ್ಗೆ ಹೇಳುತ್ತಿದ್ದರು.

ತುಂಗಾ ದಂಡೆ

ಸಾಗರ ರಸ್ತೆಯವರೇ, ಇಷ್ಟು ದಿನ ನಿಮ್ಮ ಜೊತೆ ಜಗಳವಾಡಿದ್ದಕ್ಕೆ ಒಂದು ಕಾಫಿ ನನ್ನ ಲೆಕ್ಕದಲ್ಲಿ.

ಹಂಚಿನ ಮನೆ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಂಟು ದಿನ ಕರೆಂಟು ಸರಿಯಾಗಿರಲಿಲ್ಲ.

ಮೇಷ್ಟ್ರು ಹೇಳಿದಂತೆ ನೋಟ್‌ಬುಕ್ ಮಾಡಿದ್ದೇನೆ. ಆ್ಯಪ್‌ನ ದಿನಗಳ ಸರಪಳಿ ಕರೆಂಟಿಲ್ಲದ ವಾರದಲ್ಲಿ ಕಡಿದು ಹೋಯಿತು. ಒಂದು ದಿನ ಬೇಜಾರಾಯಿತು, ಆಮೇಲೆ ಹಗುರವೆನಿಸಿತು. ನಿನ್ನೆ ಬೆಳಗ್ಗೆ ಏಳಕ್ಕೆ ನಾಲ್ಕನೆಯ ಪಾಠ. ನಾನು ‘ಬ್ವೆನೊಸ್ ದಿಯಾಸ್’ (ಶುಭೋದಯ) ಎಂದೆ, ಅವರು ‘ಬ್ವೆನಾಸ್ ನೊಚೆಸ್’ (ಶುಭರಾತ್ರಿ) ಎಂದರು. ಐದು ವಾಕ್ಯಗಳ ಚೀಟಿ ಎದುರಿಗಿತ್ತು. ಎರಡನೆಯದರಲ್ಲಿದ್ದಾಗ ಹಂಚಿನ ಮೇಲೆ ಮಳೆ ಶುರುವಾಯಿತು. ನಮ್ಮ ಕಡೆಯ ಮಳೆ, ಅಡುಗೆ ಮನೆಯಿಂದ ಕೂಗಿದರೆ ಜಗುಲಿಗೆ ಕೇಳುವುದಿಲ್ಲ. ಅದೇನು ಸದ್ದು ಎಂದು ಅವರು ಗಾಬರಿಯಿಂದ ಕೇಳಿದರು. ಯಾವ ಭಾಷೆಯಲ್ಲೂ ಯೋಚಿಸಲಿಲ್ಲ, ‘ಎಸ್ತಾ ಯೊಬ್ಯೆಂದೊ’, ಮಳೆ ಬರುತ್ತಿದೆ ಎಂದು ಬಾಯಿಂದ ಬಂದುಬಿಟ್ಟಿತು. ಯಾವಾಗಿನಿಂದ ಎಂದರು. ‘ದೆಸ್ದೆ ಹೂನ್ಯೊ’, ಜೂನ್‌ನಿಂದ ಎಂದೆ.

ಅವರು ತಡೆಯಲಾರದೆ ನಕ್ಕರು. ಲೀಮಾ ಮರುಭೂಮಿಯ ಅಂಚಿನ ಊರಂತೆ. ಚಳಿಗಾಲದಲ್ಲಿ ‘ಗಾರುವಾ’ ಎಂಬ ತುಂತುರು ಬಿಟ್ಟರೆ ಮಳೆ ಎಂಬುದೇ ಇಲ್ಲವಂತೆ. ಇಷ್ಟನ್ನು ಅವರು ನಿಧಾನವಾಗಿ, ಎರಡು ಸಲ ಹೇಳಿದರು, ನನಗೆ ತಿಳಿಯಿತು. ಆಮೇಲೆ ಮೊಬೈಲನ್ನು ಕಿಟಕಿಯ ಹತ್ತಿರ ಹಿಡಿಯಲು ಕೇಳಿದರು. ಹಿಡಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅಷ್ಟರಲ್ಲಿ ಟವರ್ ಹೋಯಿತು.

ಚೀಟಿಯಲ್ಲಿ ಇನ್ನೂ ಮೂರು ವಾಕ್ಯ ಉಳಿದಿವೆ, ಜಿಗಣೆಯದೂ ಸೇರಿ. ಜಿಗಣೆಗೆ ಅಲ್ಲಿ ‘ಸಾಂಗಿಹ್ವೆಲಾ’ ಎನ್ನುತ್ತಾರಲ್ಲ, ಅದು ‘ಎಲ್’ ಹಾಕಬೇಕಾದದ್ದೋ ‘ಲಾ’ ಹಾಕಬೇಕಾದದ್ದೋ?

ಸಾಗರ ರಸ್ತೆ

ಲಾ.